ಅಲಸಂಡೆ ಬೇರು, ಉಪ್ಪು ಮತ್ತು ಬೆಳಕು ಸೂಸುವ ಬ್ಯಾಕ್ಟೀರಿಯಾ: ನನ್ನ ಅನುಭವ

ಉಡುಪಿಯ ಕರಾವಳಿಯಲ್ಲಿ ಏಣೆಲು (ಮಳೆಗಾಲದ) ಭತ್ತದ ಕೊಯ್ಲು ಮುಗಿದ ಮೇಲೆ, ಗದ್ದೆಯಲ್ಲಿ ಉಳಿದ ತೇವವನ್ನೇ ನಂಬಿ ಉದ್ದು, ಹುರುಳಿ, ಅಲಸಂಡೆ ಬಿತ್ತುವ ರೂಢಿಯಿದೆ. ಅಳಿವೆಗೆ ಹತ್ತಿರದ ಗದ್ದೆಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗಿದಾಗ ಈ ಗಿಡಗಳಲ್ಲಿ ಬ್ಯಾಕ್ಟೀರಿಯಾ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬೇರುಗಂಟು ಕಡಿಮೆಯಾಗುತ್ತದೆ. ಅಷ್ಟನ್ನು ಗಿಡ ಕಿತ್ತು ಎಣಿಸಿ ತಿಳಿಯಬಹುದು. ಆದರೆ ಬೇರಿಗೂ ಬ್ಯಾಕ್ಟೀರಿಯಾಕ್ಕೂ ನಡುವಿನ ಸಂಕೇತ ಯಾವ ಹಂತದಲ್ಲಿ ನಿಂತುಹೋಯಿತು ಎಂಬುದು ಎಣಿಕೆಯಿಂದ ತಿಳಿಯುವುದಿಲ್ಲ. ಅದನ್ನು ಅರಿಯಲೆಂದೇ ನಾನು ಮಂಗಳೂರಿನ ಪ್ರಯೋಗಾಲಯದಲ್ಲಿ ಜೈವಿಕ ಸಂವೇದಕಗಳನ್ನು, ಅಂದರೆ ಸಂಕೇತ ಸಿಕ್ಕಾಗ ಬೆಳಕು ಸೂಸಿ ತಿಳಿಸುವ ಬ್ಯಾಕ್ಟೀರಿಯಾಗಳನ್ನು, ಬಳಸತೊಡಗಿದೆ.

ಅಲಸಂಡೆಯ ಬೇರು ಜೆನಿಸ್ಟೀನ್, ಡೈಡ್ಜೀನ್‌ನಂತಹ ಸಂಕೇತ ರಾಸಾಯನಿಕಗಳಾದ ಐಸೊಫ್ಲೇವೋನ್‌ಗಳನ್ನು ಸ್ರವಿಸುತ್ತದೆ. ಬ್ರಾಡಿರೈಜೋಬಿಯಂ ಬ್ಯಾಕ್ಟೀರಿಯಾ ಅವುಗಳನ್ನು ಗುರುತಿಸಿದಾಗ ಬೇರುಗಂಟು ಕಟ್ಟಿಸುವ ಅದರ ನಾಡ್ ಜೀನ್‌ಗಳು ಚುರುಕಾಗುತ್ತವೆ. ನಾಡ್ ಜೀನಿನ ಸ್ವಿಚ್ಚಿನಂತಿರುವ ಪ್ರೊಮೋಟರ್‌ಗೆ ಫೋಟೊರ‍್ಹಾಬ್ಡಸ್ ಬ್ಯಾಕ್ಟೀರಿಯಾದ, ಬೆಳಕು ಹುಟ್ಟಿಸುವ ಲಕ್ಸ್ ಜೀನ್‌ಗಳನ್ನು ಜೋಡಿಸಿದರೆ, ಸ್ರವಿಕೆ ಸಿಕ್ಕಲ್ಲೆಲ್ಲ ಬ್ಯಾಕ್ಟೀರಿಯಾ ಸುಮಾರು 490 ನ್ಯಾನೊಮೀಟರ್ ತರಂಗಾಂತರದ ಬೆಳಕು ಸೂಸುತ್ತದೆ. ಹೊರಗಿನಿಂದ ಯಾವ ರಾಸಾಯನಿಕವನ್ನೂ ಹಾಕಬೇಕಿಲ್ಲವಾದ್ದರಿಂದ ಅದೇ ಬೇರನ್ನು ಮತ್ತೆ ಮತ್ತೆ ನೋಡಬಹುದು. 2017ರಲ್ಲಿ ಆಕ್ಸ್‌ಫರ್ಡ್‌ನ ಫಿಲಿಪ್ ಪೂಲ್ ಅವರ ಬಳಗ ಇಂತಹ ತಳಿಗಳಿಂದ ಬಟಾಣಿ ಬೇರಿನ ಸಕ್ಕರೆ, ಅಮೈನೊ ಆಮ್ಲ, ಫ್ಲೇವನಾಯ್ಡ್ ಸ್ರವಿಕೆಗಳ ನಕ್ಷೆಯನ್ನೇ ಬರೆದಿತ್ತು.

ಬೀಜಗಳನ್ನು ಆಲ್ಕೊಹಾಲ್ ಮತ್ತು ಸೋಡಿಯಂ ಹೈಪೋಕ್ಲೋರೈಟ್‌ನಿಂದ ಶುದ್ಧಗೊಳಿಸಿ, ಮೊಳಕೆ ಬರಿಸಿ, ಸಾರಜನಕವಿಲ್ಲದ ಅಗಾರ್ ತಟ್ಟೆಯ ಮೇಲೆ ಬೆಳೆಸಿ, ನಂತರ ಬ್ಯಾಕ್ಟೀರಿಯಾ ಲೇಪಿಸುತ್ತೇನೆ. ಚಿತ್ರ ತೆಗೆಯುವ ಮುನ್ನ ತಟ್ಟೆಯನ್ನು ಕೆಲವು ನಿಮಿಷ ಕತ್ತಲಲ್ಲಿಡುವುದು ಕಡ್ಡಾಯ. ಇಲ್ಲವಾದರೆ ಎಲೆಯ ಕ್ಲೋರೊಫಿಲ್ ಹೊಮ್ಮಿಸುವ ಮಂದ ಬೆಳಕೂ ಕ್ಯಾಮೆರಾದಲ್ಲಿ ಮೂಡುತ್ತದೆ. ಕುಲಾಂತರಿ ತಳಿಗಳಾದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ಬೇಕು, ಮತ್ತು ಬಳಸಿದ ಪ್ರತಿಯೊಂದು ತಟ್ಟೆಯೂ 121 ಡಿಗ್ರಿಯ ಆಟೊಕ್ಲೇವ್ ದಾಟಿಯೇ ಹೊರಬರಬೇಕು. ಇವು ಗದ್ದೆಗೆ ಹೋಗುವ ತಳಿಗಳಲ್ಲ.

ಈ ವಿಧಾನದ ನಿಜವಾದ ಕಷ್ಟವಿರುವುದು ಬೆಳಕನ್ನು ಅರ್ಥೈಸುವುದರಲ್ಲಿ. ಉಪ್ಪು ಬೇರನ್ನು ಮಾತ್ರವಲ್ಲ, ಬ್ಯಾಕ್ಟೀರಿಯಾವನ್ನೂ ಬಾಧಿಸುತ್ತದೆ. ಆದುದರಿಂದ ಬೆಳಕು ಕುಗ್ಗಿತೆಂದ ಮಾತ್ರಕ್ಕೆ ಸ್ರವಿಕೆ ಕುಗ್ಗಿತೆಂದು ಹೇಳಲಾಗದು. ಸದಾ ಬೆಳಗುತ್ತಲೇ ಇರುವ ಇನ್ನೊಂದು ತಳಿಯನ್ನು ಅದೇ ಬಗೆಯ ಗಿಡಗಳಿಗೆ ಪ್ರತ್ಯೇಕವಾಗಿ ಲೇಪಿಸಿ, ಎರಡರ ಅನುಪಾತವನ್ನಷ್ಟೇ ನಾನು ನಂಬುತ್ತೇನೆ. ಜೊತೆಗೆ ಬೇರು ತೊಳೆದ ನೀರಿನಲ್ಲಿ ಜೀವಂತ ಕೋಶಗಳನ್ನೂ ಎಣಿಸುತ್ತೇನೆ. ಬ್ರಾಡಿರೈಜೋಬಿಯಂ ನಿಧಾನವಾಗಿ ಬೆಳೆಯುವುದರಿಂದ ಆ ಎಣಿಕೆಗೆ ವಾರದಷ್ಟು ಕಾಯಬೇಕು. ಲೀಟರಿಗೆ ಸುಮಾರು 3 ಗ್ರಾಂ ಉಪ್ಪಿದ್ದಾಗ ಸದಾ ಬೆಳಗುವ ತಳಿ ಹೆಚ್ಚುಕಡಿಮೆ ಹಾಗೆಯೇ ಇದ್ದು, ಬೇರುರೋಮಗಳು ಮೂಡುವ ಭಾಗದಲ್ಲಿ ನಾಡ್ ತಳಿಯ ಬೆಳಕು ಮಾತ್ರ ಮಂಕಾಯಿತು. ಹೊರಗಿನಿಂದ ಜೆನಿಸ್ಟೀನ್ ಕೊಟ್ಟಾಗ ಅದು ಸ್ವಲ್ಪಮಟ್ಟಿಗೆ ಮರಳಿತು. ಅಂದರೆ ಕೊರತೆಯ ಒಂದು ಭಾಗವಾದರೂ ಬೇರಿನ ಕಡೆಯದು. ಉಪ್ಪನ್ನು ಇಮ್ಮಡಿಸಿದಾಗ ಎರಡೂ ತಳಿಗಳು ಮಂಕಾದವು. ಆ ತಟ್ಟೆಗಳಿಂದ ನಾನು ಯಾವ ತೀರ್ಮಾನವನ್ನೂ ತೆಗೆಯಲಿಲ್ಲ.

ನಮ್ಮ ಮಳೆಗಾಲದ ನೀರು ನಿಲ್ಲುವ ಸಮಸ್ಯೆಗೆ ಲಕ್ಸ್ ತಕ್ಕುದಲ್ಲ, ಏಕೆಂದರೆ ಬೆಳಕು ಹುಟ್ಟಲು ಆಮ್ಲಜನಕ ಬೇಕು. ಅಂತಹ ಕುಂಡಗಳಿಗೆ ಬೆಳಕಿನ ಬದಲು ಬಣ್ಣ ಬರಿಸಲು ನೆರವಾಗುವ ಗಸ್ ಜೀನ್ ಹೊತ್ತ ತಳಿಯನ್ನು ಬಳಸಿ, ಬೇರನ್ನು ಹೊರತೆಗೆದು ಗಾಳಿಯಲ್ಲಿ ನೀಲಿ ಬಣ್ಣ ಬರಿಸುತ್ತೇನೆ. ಆದರೆ ಒಂದೇ ಗಿಡವನ್ನು ದಿನದಿನವೂ ನೋಡುವ ಅವಕಾಶ ಅದರಲ್ಲಿಲ್ಲ.