ಪ್ರಾಗ್‌ನಲ್ಲಿ ಟ್ರಾಮ್ ಹತ್ತೋದು ಹೇಗೆ: ಟಿಕೆಟ್ ಇದ್ರೆ ಸಾಲದು, ಮುದ್ರೆ ಬಿದ್ದಿರಬೇಕು

2024ರ ಬೇಸಿಗೆಲಿ ನಾವು ಮೂರು ಜನ, ಅಂದ್ರೆ ನಾನು, ನಮ್ಮನೆಯವರು, ನಮ್ಮ ಅತ್ತೆ, ಪ್ರಾಗ್‌ಗೆ ಹೋಗಿದ್ವಿ, ಮೈದುನ ಅಲ್ಲೇ ಕೆಲಸದಲ್ಲಿದಾನೆ. ಮೊದಲನೇ ದಿನ ಟ್ರಾಮ್ ಹತ್ತಿ ಸೀಟು ಸಿಕ್ಕಿದ ಕೂಡ್ಲೇ ಅತ್ತೆ ಕೇಳಿದ್ದು "ಕಂಡಕ್ಟರ್ ಎಲ್ಲಮ್ಮಾ?" ಅಂತ. ಆ ಪ್ರಶ್ನೆಲೇ ಎಲ್ಲಾ ಇದೆ. ನಮ್ಮ ಬಿಎಂಟಿಸಿಲಿ ಕಂಡಕ್ಟರ್ ನಮ್ಮ ಹತ್ರ ಬಂದು ಟಿಕೆಟ್ ಹರಿದು ಕೊಡ್ತಾರೆ, ಮೆಟ್ರೋಲಿ ಗೇಟು ತೆಗೀಬೇಕು ಅಂದ್ರೆ ಟೋಕನ್ನೋ ಕಾರ್ಡೋ ತೋರಿಸ್ಲೇಬೇಕು. ಅಲ್ಲಿ ಕಂಡಕ್ಟರೂ ಇಲ್ಲ ಗೇಟೂ ಇಲ್ಲ, ಬಾಗಿಲು ತೆಗೆಯುತ್ತೆ, ಹತ್ತಿ ಕೂತ್ಕೋಬಹುದು, ಯಾರೂ ಏನೂ ಕೇಳಲ್ಲ. ಹಾಗಂತ ಫ್ರೀ ಅಲ್ಲ. ಟಿಕೆಟ್ ತಗೊಂಡು ಅದಕ್ಕೆ ಟೈಮ್ ಮುದ್ರೆ ಹಾಕಿಸೋ ಜವಾಬ್ದಾರಿ ಪೂರ್ತಿ ನಮ್ಮದು, ಹೊಸಬರು ಎಡವೋದೇ ಇಲ್ಲಿ.

ಹೊರಡೋ ಮುಂಚೆ ಊರಲ್ಲೇ ಮಾಡ್ಬೇಕಾದ ಕೆಲಸ ಒಂದಿದೆ. ನಿಮ್ಮ ಬ್ಯಾಂಕ್ ಆ್ಯಪ್ ತೆಗೆದು ಕಾರ್ಡಿಗೆ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ, ಅದರ ಜೊತೆಗೇ ಕಾಂಟ್ಯಾಕ್ಟ್‌ಲೆಸ್ ಅಂತ ಬೇರೆ ಇರುತ್ತೆ, ಅದನ್ನೂ ಆನ್ ಮಾಡಿ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಇವೆರಡೂ ಆಫ್ ಆಗೇ ಬರುತ್ತೆ, ಟ್ರಾಮ್ ಒಳಗೆ ನಿಂತ್ಕೊಂಡು ಕಾರ್ಡ್ ಒತ್ತಿ ಒತ್ತಿ ಕೆಲಸ ಮಾಡಲಿಲ್ಲ ಅಂದ್ರೆ ಕೈಕಾಲು ಬಿದ್ದೋಗುತ್ತೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರೋದು ಒಯ್ಯಿರಿ. ಇನ್ನೊಂದು ವಿಷ್ಯ, ಪ್ರಾಗ್ ಇರೋ ಜೆಕ್ ದೇಶ ಯುರೋಪ್ ಒಕ್ಕೂಟದಲ್ಲಿದೆ ಆದ್ರೆ ಅಲ್ಲಿ ನಡೆಯೋ ದುಡ್ಡು ಯುರೋ ಅಲ್ಲ, ಕೊರುನಾ. ನಾವು ಹೋದಾಗ ಒಂದು ಕೊರುನಾ ಅಂದ್ರೆ ಮೂರೂವರೆ ರೂಪಾಯಿ ಸುಮಾರು.

ಈಗ ಯಾವ ಟಿಕೆಟ್ ತಗೋಬೇಕು ಅನ್ನೋದು. ಇಲ್ಲಿ ಸ್ಟೇಜ್ ಲೆಕ್ಕ ಇಲ್ಲ, ಎಲ್ಲಿಂದ ಎಲ್ಲಿಗೆ ಅಂತ ಹೇಳೋ ಹಾಗೇ ಇಲ್ಲ, ಬರೀ ಟೈಮ್ ಲೆಕ್ಕ. 30 ನಿಮಿಷದ್ದು, 90 ನಿಮಿಷದ್ದು, 24 ಗಂಟೆದು, 72 ಗಂಟೆದು. ಆ ಟೈಮ್ ಒಳಗೆ ಟ್ರಾಮ್ ಬಿಟ್ಟು ಮೆಟ್ರೋ ಹತ್ತಿ, ಮೆಟ್ರೋ ಬಿಟ್ಟು ಬಸ್ ಹತ್ತಿ, ಅದೇ ಟಿಕೆಟ್ ಸಾಕು. ನಾವಿದ್ದಾಗ ಕ್ರಮವಾಗಿ 30, 40, 120, 330 ಕೊರುನಾ ಇತ್ತು, ದರ ಆವಾಗಾವಾಗ ಏರುತ್ತೆ, ಹೋಗೋ ಮುಂಚೆ ಒಂದ್ಸಲ ನೋಡ್ಕೊಳಿ. ನನ್ನನ್ನ ಕೇಳಿದ್ರೆ ದಿನಕ್ಕೆ ಮೂರ್ನಾಲ್ಕು ಸಲ ಹತ್ತಿ ಇಳಿಯೋರು 24 ಗಂಟೆದು ತಗೊಳ್ಳೋದೇ ವಾಸಿ, ದುಡ್ಡಿನ ಉಳಿತಾಯಕ್ಕಿಂತ ಪದೇಪದೇ ವಾಚ್ ನೋಡೋ ಕಾಟ ತಪ್ಪುತ್ತೆ. 24 ಗಂಟೆ ಅಂದ್ರೆ ಆ ದಿನ ರಾತ್ರಿ ತನಕ ಅಂತಲ್ಲ, ಮಧ್ಯಾಹ್ನ ಮೂರಕ್ಕೆ ಮುದ್ರೆ ಹಾಕಿದ್ರೆ ಮಾರನೇ ದಿನ ಮಧ್ಯಾಹ್ನ ಮೂರರ ತನಕ ನಡೆಯುತ್ತೆ.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಇದನ್ನ ಮಾತ್ರ ಮರೀಬೇಡಿ. 2021ರ ಆಗಸ್ಟ್‌ನಿಂದ ಪ್ರಾಗ್ ಊರೊಳಗೆ 65 ವರ್ಷ ದಾಟಿದೋರಿಗೆ ಪ್ರಯಾಣ ಉಚಿತ, ಬೇರೆ ದೇಶದೋರಿಗೂ ಅನ್ವಯ, ವಯಸ್ಸು ತೋರಿಸೋಕೆ ಪಾಸ್‌ಪೋರ್ಟ್ ಜೊತೇಲಿದ್ರೆ ಆಯ್ತು. ನಮ್ಮ ಅತ್ತೆಗೆ 68, ಇದು ಗೊತ್ತಿಲ್ದೆ ಮೊದಲನೇ ದಿನ ಅವ್ರಿಗೂ ಟಿಕೆಟ್ ತಗೊಂಡ್ವಿ, ರಾತ್ರಿ ಊಟಕ್ಕೆ ಕೂತಾಗ ಮೈದುನ ಹೇಳಿದ. ಮಾರನೇ ದಿನದಿಂದ ಅತ್ತೆ ಪಾಸ್‌ಪೋರ್ಟನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೊರಳಿಗೆ ನೇತಾಕ್ಕೊಂಡೇ ಓಡಾಡಿದ್ರು.

ಟಿಕೆಟ್ ಸಿಗೋ ಜಾಗ ಮೂರು. ಮೆಟ್ರೋ ಸ್ಟೇಷನ್‌ಗಳಲ್ಲಿ ಮತ್ತೆ ಕೆಲವು ಸ್ಟಾಪ್‌ಗಳಲ್ಲಿ ಮೆಷಿನ್ ಇರುತ್ತೆ, ಹಳೇದು ಚಿಲ್ಲರೆ ನಾಣ್ಯ ಮಾತ್ರ ತಗೊಳುತ್ತೆ, ಹೊಸದು ಕಾರ್ಡೂ ತಗೊಳುತ್ತೆ. ತಬಾಕ್ ಅಂತ ಬೋರ್ಡ್ ಇರೋ ಸಣ್ಣ ಅಂಗಡಿಗಳಲ್ಲೂ ಕೇಳಬಹುದು, ಟಿಕೆಟ್‌ಗೆ ಅವರ ಭಾಷೆಲಿ ಯೀಜ್‌ದೆಂಕಾ ಅಂತಾರೆ. ಎಲ್ಲಕ್ಕಿಂತ ಸುಲಭ ಅಂದ್ರೆ ಟ್ರಾಮ್ ಒಳಗೇ ಮಧ್ಯದ ಬಾಗಿಲ ಹತ್ರ ಇರೋ ಕಿತ್ತಳೆ ಬಣ್ಣದ ಮೆಷಿನ್, ಅದರಲ್ಲಿ ಇಂಗ್ಲಿಷ್ ಆಯ್ಕೆ ಮಾಡಿ, ಬೇಕಾದ ಟಿಕೆಟ್ ಒತ್ತಿ, ಕಾರ್ಡ್ ತೋರಿಸಿದ್ರೆ ಚೀಟಿ ಹೊರಗೆ ಬರುತ್ತೆ. ಅಲ್ಲಿ ಕ್ಯಾಶ್ ನಡೆಯಲ್ಲ, ಡ್ರೈವರ್ ಹತ್ರ ಕೇಳಕ್ಕೂ ಹೋಗ್ಬೇಡಿ, ಅವರು ಟಿಕೆಟ್ ಕೊಡಲ್ಲ. ಪಿಐಡಿ ಲೀತಾಚ್ಕಾ ಅಂತ ಆ್ಯಪ್ ಕೂಡ ಇದೆ, ಅದರಲ್ಲಿ ಬರೀ ದುಡ್ಡು ಕಟ್ಟಿದ್ರೆ ಮುಗೀಲಿಲ್ಲ, ಆ್ಯಕ್ಟಿವೇಟ್ ಅಂತ ಒತ್ಬೇಕು, ಒತ್ತಿದ ತಕ್ಷಣ ಚಾಲೂ ಆಗಲ್ಲ, ಸ್ವಲ್ಪ ಹೊತ್ತು ತಗೊಳುತ್ತೆ, ಹಾಗಾಗಿ ಸ್ಟಾಪಲ್ಲಿ ನಿಂತಿರುವಾಗಲೇ ಒತ್ತಿಬಿಡಿ.

ಇನ್ನು ಮುದ್ರೆ. ಮೆಷಿನ್ನಲ್ಲೋ ಅಂಗಡೀಲೋ ತಗೊಂಡ ಕಾಗದದ ಟಿಕೆಟ್ ಕೈಲಿದ್ರೆ ಅದು ಇನ್ನೂ ಖಾಲಿ ಚೀಟಿ ಅಷ್ಟೆ. ಟ್ರಾಮಲ್ಲಿ ಬಾಗಿಲ ಪಕ್ಕದ ಕಂಬಕ್ಕೆ ಹಳದಿ ಡಬ್ಬಿ ಸಿಗಿಸಿರ್ತಾರೆ, ಟಿಕೆಟ್ ಮೇಲೆ ಬಾಣದ ಗುರುತು ಇರುತ್ತೆ, ಆ ಕಡೆಯಿಂದ ಡಬ್ಬಿಯ ಸೀಳಿಗೆ ತಳ್ಳಿದ್ರೆ ಕರ್ರ್ ಅಂತ ಸದ್ದಾಗಿ ದಿನ, ಟೈಮ್ ಅಚ್ಚಾಗುತ್ತೆ. ತೆಗೆದು ಒಂದ್ಸಲ ಕಣ್ಣಿಟ್ಟು ನೋಡಿ, ಅಕ್ಷರ ಬಿದ್ದಿದ್ಯಾ ಅಂತ, ಬಿದ್ದಿಲ್ಲ ಅಂದ್ರೆ ಪಕ್ಕದ ಡಬ್ಬಿಗೆ ಹೋಗಿ. ಮೆಟ್ರೋ ಆದ್ರೆ ಡಬ್ಬಿ ಪ್ಲಾಟ್‌ಫಾರ್ಮಲ್ಲಿ ಇರಲ್ಲ, ಕೆಳಗಿಳಿಯೋ ಮುಂಚೆ ದಾರೀಲೇ ಇರುತ್ತೆ. ಆದ್ರೆ ಕಿತ್ತಳೆ ಮೆಷಿನ್ನಿಂದ ಬಂದ ಚೀಟಿಗೆ ಮುದ್ರೆ ಹಾಕ್ಬೇಡಿ, ಅದು ಟೈಮ್ ಸಮೇತ ಅಚ್ಚಾಗೇ ಬಂದಿರುತ್ತೆ.

ಮುದ್ರೆ ಒಂದೇ ಸಲ, ಮೊದಲನೇ ಗಾಡಿ ಹತ್ತಿದಾಗ ಮಾತ್ರ. ನಾವು 90 ನಿಮಿಷದ ಟಿಕೆಟ್‌ನಲ್ಲಿ ಒಂದು ಟ್ರಾಮ್ ಇಳಿದು ಇನ್ನೊಂದು ಹತ್ತಿದ್ವಿ, ನಮ್ಮನೆಯವರು ಹೊಸ ಗಾಡಿ ಅಲ್ವಾ ಅಂತ ಮತ್ತೆ ಡಬ್ಬಿಗೆ ತಳ್ಳಿದ್ರು, ಮೊದಲನೇ ಟೈಮ್ ಮೇಲೆ ಎರಡನೇ ಟೈಮ್ ಬಿದ್ದು ಎರಡೂ ಓದಕ್ಕೆ ಆಗದ ಹಾಗೆ ಕಲಸಿಹೋಯ್ತು. ಎದುರು ಕೂತಿದ್ದ ವಯಸ್ಸಾದ ಹೆಂಗಸೊಬ್ರು ನೋಡಿ ತಲೆ ಅಲ್ಲಾಡಿಸಿ, ಕೈ ಸನ್ನೆಲೇ ಇದು ಕೆಟ್ಟೋಯ್ತು ಬೇರೆ ತಗೊಳಿ ಅಂತ ಕಿತ್ತಳೆ ಮೆಷಿನ್ ತೋರಿಸಿದ್ರು. ಅವರು ಹೇಳಿದ್ದು ಸರಿ, ಎರಡು ಸಲ ಮುದ್ರೆ ಬಿದ್ದ ಟಿಕೆಟ್ ನಡೆಯಲ್ಲ. ಚೆಕಿಂಗ್‌ನೋರಿಗೆ ರೆವಿಜೋರ್ ಅಂತಾರೆ, ಮಾಮೂಲಿ ಬಟ್ಟೆಲಿ ಬಂದು ಬ್ಯಾಡ್ಜ್ ತೋರಿಸಿ ಕೇಳ್ತಾರೆ, ಆಗ ಟೂರಿಸ್ಟ್, ಗೊತ್ತಿರಲಿಲ್ಲ ಅಂತ ಹೇಳಿದ್ರೂ ದಂಡ ತಪ್ಪಲ್ಲ. ಕಟ್ಟೋ ಪರಿಸ್ಥಿತಿ ಬಂದ್ರೆ ರಸೀದಿ ಕೇಳಿ ತಗೊಳಿ.

ಸರಿ, ಯಾವ ಟ್ರಾಮ್ ಹತ್ತೋದು. ಕೋಟೆಗೆ ಹೋಗೋಕೆ 22ನೇ ನಂಬರ್, ನಾರೊದ್ನಿ ತ್ರಿಡಾ ಕಡೆ ಹತ್ತಿದ್ರೆ ನದಿ ದಾಟಿ ಮಾಲಾ ಸ್ತ್ರಾನಾ ಅನ್ನೋ ಹಳೇ ಬಡಾವಣೆಯ ಇಕ್ಕಟ್ಟು ಬೀದಿಗಳಲ್ಲಿ ನುಸುಳಿ ಗುಡ್ಡ ಹತ್ತಿ ಪ್ರಾಜ್‌ಸ್ಕಿ ಹ್ರಾಡ್, ಅಂದ್ರೆ ಪ್ರಾಗ್ ಕೋಟೆ, ಸ್ಟಾಪಲ್ಲಿ ಇಳಿಸುತ್ತೆ, ಮಂಡಿನೋವು ಇರೋರಿಗೆ ಕೋಟೆಗೆ ಹೋಗೋ ಮೆಟ್ಟಿಲೆಲ್ಲಾ ಹತ್ತೋದು ತಪ್ಪುತ್ತೆ. ವ್ಲ್ತಾವಾ ನದಿ ದಂಡೆ ಗುಂಟ ಹೋಗೋಕೆ 17. ಈ 22ರಲ್ಲಿ ಟೂರಿಸ್ಟ್‌ಗಳು ತುಂಬಿರ್ತಾರೆ, ಜೇಬುಗಳ್ಳರೂ ಇರ್ತಾರೆ, ಬ್ಯಾಗ್ ಮುಂದಕ್ಕೆ ಹಾಕ್ಕೊಳಿ. ಸ್ಟಾಪಲ್ಲಿ ಪ್ರತಿ ನಂಬರಿಗೂ ಒಂದೊಂದು ಹಾಳೆ ಇರುತ್ತೆ, ಅದರಲ್ಲಿ ಸ್ಟಾಪ್‌ಗಳ ಪಟ್ಟಿ, ನೀವು ಹೋಗೋ ಸ್ಟಾಪ್ ಪಟ್ಟೀಲಿ ಈಗ ನಿಂತಿರೋ ಸ್ಟಾಪಿನ ಕೆಳಗಿದ್ರೆ ಸರಿ ಕಡೆ ನಿಂತಿದೀರ, ಮೇಲಿದ್ರೆ ರಸ್ತೆ ದಾಟಿ ಎದುರುಗಡೆಗೆ ಹೋಗಿ. ವೀಲ್ಯುಕಾ ಅಂತ ನೋಟಿಸ್ ಅಂಟಿಸಿದ್ರೆ ರಿಪೇರಿಗೋಸ್ಕರ ದಾರಿ ಬದಲಾಗಿದೆ ಅಂತ ಅರ್ಥ, ಬೇಸಿಗೇಲಿ ಇದು ಸಾಮಾನ್ಯ. ಮಧ್ಯರಾತ್ರಿ ಆದ್ಮೇಲೆ ಮೆಟ್ರೋ ನಿಲ್ಲುತ್ತೆ, ಟ್ರಾಮ್ ನಿಲ್ಲಲ್ಲ, 91ರಿಂದ 99ರ ತನಕ ನಂಬರಿನವು ಓಡ್ತವೆ, ಎಲ್ಲವೂ ಲಾಜಾರ್ಸ್ಕಾ ಸ್ಟಾಪಲ್ಲಿ ಸೇರ್ತವೆ.

ಹತ್ತುವಾಗ ಬಾಗಿಲು ತಾನಾಗೇ ತೆಗೀಲಿಲ್ಲ ಅಂದ್ರೆ ಬಾಗಿಲ ಮೇಲಿನ ಬಟನ್ ಒತ್ತಿ. ಹೊಸ ಗಾಡಿಗಳ ನೆಲ ತಗ್ಗು, ಒಂದು ಹೆಜ್ಜೆ ಇಟ್ರೆ ಒಳಗೆ, 1960ರ ದಶಕದಲ್ಲಿ ಬಂದ ತತ್ರಾ ಟಿ3 ಮಾದರಿ ಈಗ್ಲೂ ಕೆಲವು ಓಡ್ತವೆ, ಅವಕ್ಕೆ ಎತ್ತರದ ಮೆಟ್ಟಿಲು, ವಯಸ್ಸಾದೋರು ಜೊತೇಲಿದ್ರೆ ಮುಂದಿನ ಗಾಡಿಗೆ ಕಾಯೋದೇ ಒಳ್ಳೇದು. ಹೊರಡುವಾಗ ಸಿಕ್ಕಾಪಟ್ಟೆ ಜರ್ಕ್ ಹೊಡೆಯುತ್ತೆ, ಮೊದಲು ಕಂಬ ಹಿಡ್ಕೊಳಿ, ಆಮೇಲೆ ಟಿಕೆಟ್ ಹುಡುಕಿ.

ಇಳಿದ್ಮೇಲೆ ಒಂದು ಎಚ್ಚರ. ಆ ದೇಶದಲ್ಲಿ ಜೀಬ್ರಾ ಪಟ್ಟಿ ಮೇಲೂ ಟ್ರಾಮ್‌ಗೇ ಮೊದಲ ಹಕ್ಕು, ಕಾರು ನಿಲ್ಲಿಸಿ ದಾರಿ ಬಿಡ್ತಾರೆ, ಟ್ರಾಮ್ ನಿಲ್ಸಲ್ಲ. ಗಾಡಿಗಳು ಬಲಗಡೆ ಓಡೋದ್ರಿಂದ ನಮ್ಮ ಕಣ್ಣು ಅಭ್ಯಾಸಬಲದಿಂದ ತಪ್ಪು ಕಡೆ ನೋಡುತ್ತೆ. ಗಂಟೆ ಸದ್ದು ಕೇಳಿದ್ರೆ ಇದ್ದಲ್ಲೇ ನಿಂತುಬಿಡಿ, ಒಂದು ಟ್ರಾಮ್ ಹೋದ ತಕ್ಷಣ ನುಗ್ಗಬೇಡಿ, ಅದರ ಮರೇಲಿ ಎದುರುಗಡೆಯಿಂದ ಇನ್ನೊಂದು ಬರ್ತಿರುತ್ತೆ.