ನಾಯಿಗೆ ಹೊಟ್ಟು, ತುರಿಕೆಯೇ? ಶಾಂಪೂ ಸುರಿಯುವ ಮೊದಲು ಬಾಚಣಿಗೆ ಹಿಡಿಯಿರಿ

ಹೋದ ಮಳೆಗಾಲದಲ್ಲಿ ನಮ್ಮ ಕೆಂಚನ ಬೆನ್ನ ಮೇಲೆ ಬಿಳಿ ಹೊಟ್ಟು ಕಾಣಿಸಿತು. ಕೆಂಚ ನಮ್ಮ ನಾಡತಳಿಯ ನಾಯಿ. ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರ ಮರಿಯಾಗಿದ್ದಾಗ ಸಿಕ್ಕವನು, ಈಗ 4 ವರ್ಷ. ಮೈಯೆಲ್ಲ ಕಂದು ಬಣ್ಣ, ಹಾಗಾಗಿ ಹೊಟ್ಟು ಎದ್ದು ಕಾಣುತ್ತಿತ್ತು. ಕೈಯಾಡಿಸಿದರೆ ರವೆ ಉದುರಿದ ಹಾಗೆ ಉದುರುತ್ತಿತ್ತು. ರಾತ್ರಿಯಿಡೀ ಹಿಂಗಾಲಿನಲ್ಲಿ ಕೆರೆದುಕೊಳ್ಳುತ್ತಿದ್ದ. ಟೈಲ್ಸ್ ಮೇಲೆ ಕಾಲು ಬಡಿಯುವ ಸದ್ದು ಕೇಳುತ್ತಲೇ ಇರುತ್ತಿತ್ತು. ಅವನಿಗೂ ನಿದ್ದೆ ಇಲ್ಲ, ನಮಗೂ ಇಲ್ಲ.

ನಾನು ನಮ್ಮ ತಲೆಹೊಟ್ಟಿನ ಶಾಂಪೂ ಹಾಕಿ ವಾರಕ್ಕೆ ಎರಡು ಸಲ ತೊಳೆದೆ. ಧಾರವಾಡದಿಂದ ಬಂದಿದ್ದ ಅವ್ವ "ಕೊಬ್ರಿ ಎಣ್ಣಿ ಹಚ್ಚವಾ, ಎಲ್ಲಾ ಹೋಗ್ತೈತಿ" ಅಂದಳು. ಅದನ್ನೂ ಹಚ್ಚಿದೆ. ಹತ್ತೇ ದಿನಕ್ಕೆ ಕಂಕುಳು, ಬೆರಳಸಂದು ಕೆಂಪಾದವು. ಹುಳಿ ಬಂದ ಹಿಟ್ಟಿನಂಥ ವಾಸನೆ ಶುರುವಾಯಿತು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ ಅವರು ಮೊದಲು ಕೇಳಿದ್ದೇ "ಮೈ ಪೂರ್ತಿ ನೋಡಿದ್ರಾ? ಎಲ್ಲೆಲ್ಲಿ ಕೆರ್ಕೊಳ್ತಾನೆ?" ಅಂತ. ನಾನು ನೋಡಿರಲಿಲ್ಲ. ಸುಮ್ನೆ ತೊಳೆದಿದ್ದೆ.

ಹೊಟ್ಟು ಅನ್ನೋದು ಒಂದು ರೋಗದ ಹೆಸರಲ್ಲ. ನಾಯಿಯ ಚರ್ಮ ಸುಮಾರು 3 ವಾರಕ್ಕೊಮ್ಮೆ ಹೊಸದಾಗುತ್ತದೆ. ಹಳೆಯ ಪದರ ಕಣ್ಣಿಗೆ ಕಾಣದಷ್ಟು ಸಣ್ಣಗೆ ಉದುರಿ ಹೋಗುತ್ತದೆ. ಚರ್ಮಕ್ಕೆ ಏನೋ ತೊಂದರೆಯಾದಾಗ ಈ ಕೆಲಸ ಅವಸರದಲ್ಲಿ ನಡೆಯುತ್ತದೆ. ಆಗ ಪದರಗಳು ಅಂಟಿಕೊಂಡು ಚೂರುಚೂರಾಗಿ ಬೀಳುತ್ತವೆ. ಆ ತೊಂದರೆ ಚಿಗಟ ಇರಬಹುದು, ಫಂಗಸ್ ಇರಬಹುದು, ಅಲರ್ಜಿ ಇರಬಹುದು, ತಟ್ಟೆಗೆ ಹಾಕುವ ಊಟವೇ ಇರಬಹುದು. ಯಾವುದು ಅಂತ ಗೊತ್ತಾಗದೆ ಮೇಲಿಂದ ಮೇಲೆ ಏನು ಸುರಿದರೂ ನಾಯಿಗೇ ಕಷ್ಟ.

ಮೊದಲು 15 ನಿಮಿಷ ಕೂತು ನೋಡಿ

ಬೆಳಕು ಚೆನ್ನಾಗಿರುವ ಕಡೆ, ಕಿಟಕಿ ಪಕ್ಕ, ನಾಯಿಯನ್ನು ಕೂರಿಸಿಕೊಳ್ಳಿ. ಹಲ್ಲು ಒತ್ತಾಗಿರುವ ಹೇನಿನ ಬಾಚಣಿಗೆ, ಒಂದು ಕಪ್ಪು ಹಾಳೆ, ಒಂದು ಬಿಳಿ ಟಿಶ್ಯೂ, ಒಂದು ಲೋಟ ನೀರು ಇಟ್ಟುಕೊಳ್ಳಿ. ಸ್ನಾನ ಮಾಡಿಸಿ ಎರಡು ಮೂರು ದಿನವಾದರೂ ಆಗಿರಲಿ. ತೊಳೆದ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ.

ಬಾಲದ ಬುಡದಿಂದ ಶುರು ಮಾಡಿ. ಅಲ್ಲಿನ ಕೂದಲನ್ನು ಬಾಚಿ, ಬಂದದ್ದನ್ನು ಟಿಶ್ಯೂ ಮೇಲೆ ಕೊಡವಿ. ಕಾಳುಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಬಿದ್ದವಾ? ಅದರ ಮೇಲೆ ಎರಡು ಹನಿ ನೀರು ಬಿಡಿ. ಚುಕ್ಕೆಯ ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಹೀರಿದ ರಕ್ತವೇ ಹಾಗೆ ಹೊರಗೆ ಬರುತ್ತದೆ. ಒಂದೇ ಒಂದು ಚಿಗಟ ಕಣ್ಣಿಗೆ ಬೀಳದಿದ್ದರೂ ಈ ಪರೀಕ್ಷೆ ಸುಳಿವು ಕೊಡುತ್ತದೆ. ನಾನು ಎಲ್ಲರಿಗೂ ಮೊದಲು ಹೇಳಿಕೊಡುವುದು ಇದನ್ನೇ.

ಆಮೇಲೆ ಬೆನ್ನ ಮೇಲಿನ ಹೊಟ್ಟನ್ನು ಕಪ್ಪು ಹಾಳೆಗೆ ಕೊಡವಿ, ಒಂದು ನಿಮಿಷ ಅಲುಗಾಡಿಸದೆ ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಹೊಟ್ಟಿನ ಚೂರು ತಾನಾಗಿಯೇ ಸರಿದರೆ ಅಲ್ಲಿರುವುದು ಒಂದು ಬಗೆಯ ನುಸಿ. ಇದಕ್ಕೆ 'ನಡೆಯುವ ಹೊಟ್ಟು' ಅಂತಲೇ ಹೆಸರಿದೆ. ಮರಿಗಳಲ್ಲಿ, ತುಂಬಾ ನಾಯಿಗಳು ಒಟ್ಟಿಗಿದ್ದ ಜಾಗದಿಂದ ಬಂದವುಗಳಲ್ಲಿ ಇದು ಕಾಣಿಸುತ್ತದೆ.

ಈಗ ಕೈಯಿಂದ ಮುಟ್ಟಿ, ಮೂಸಿ. ಒಣಗಿದ ಪುಡಿಯೋ, ಜಿಡ್ಡಿನ ಪೊರೆಯೋ? ಒಣ ಹೊಟ್ಟು ಇದ್ದು, ಕೆಂಪಿಲ್ಲ, ವಾಸನೆ ಇಲ್ಲ ಅಂದರೆ ಸಾಮಾನ್ಯವಾಗಿ ಊಟ, ಎಸಿ ಗಾಳಿ ಅಥವಾ ಜಾಸ್ತಿ ಸ್ನಾನದ ಪರಿಣಾಮ. ಮೈ ಜಿಡ್ಡಾಗಿ, ಕಿವಿ, ಕಂಕುಳು, ಬೆರಳಸಂದು ಹುಳಿ ವಾಸನೆ ಬಂದರೆ ಯೀಸ್ಟ್ ಎಂಬ ಒಂದು ಬಗೆಯ ಫಂಗಸ್ ಬೆಳೆದಿರುವ ಸಂಭವ ಹೆಚ್ಚು. ಕೆಂಚನಿಗೆ ಆಗಿದ್ದು ಇದೇ. ಈ ಯೀಸ್ಟ್ ಆರೋಗ್ಯವಂತ ನಾಯಿಯ ಮೈಮೇಲೂ ಸ್ವಲ್ಪ ಇರುತ್ತದೆ. ಜಿಡ್ಡೇ ಅದರ ಆಹಾರ, ತೇವ ಸಿಕ್ಕರೆ ಹಬ್ಬುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ನಮ್ಮ ಬಟ್ಟೆಗಳೇ ಒಣಗುವುದಿಲ್ಲ, ಇನ್ನು ನಾಯಿಯ ಬೆರಳಸಂದು ಒಣಗುತ್ತದಾ?

ಕೆರೆಯುವ ಜಾಗವೂ ಸುಳಿವು ಕೊಡುತ್ತದೆ. ಸೊಂಟ, ಬಾಲದ ಬುಡವಾದರೆ ಚಿಗಟ. ಕಿವಿಯ ಅಂಚು, ಮೊಣಕೈ, ಹೊಟ್ಟೆಯಲ್ಲಿ ತಡೆಯಲಾರದ ಕೆರೆತವಾದರೆ ಕಜ್ಜಿ ಹುಳು ಇರಬಹುದು. ಪಾದ ನೆಕ್ಕುವುದು, ಮುಖ ಉಜ್ಜುವುದು, ಮತ್ತೆ ಮತ್ತೆ ಕಿವಿ ನೋವು ಬರುವುದು ಅಲರ್ಜಿಯ ಲಕ್ಷಣ. ಬಿಳಿ ನಾಯಿಯ ಪಾದದ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಅದು ನೆಕ್ಕಿ ನೆಕ್ಕಿ ಎಂಜಲಿನಿಂದ ಆದದ್ದು. ದುಂಡಗೆ ಕೂದಲು ಉದುರಿ, ಅಂಚಿನಲ್ಲಿ ಪೊರೆ ಎದ್ದಿದ್ದರೆ ಹುಳುಕಡ್ಡಿ ಇರಬಹುದು. ಮನೆಯವರಲ್ಲಿ ಯಾರಿಗಾದರೂ ಕೈ, ಹೊಟ್ಟೆ ಮೇಲೆ ಕೆಂಪು ಗುಳ್ಳೆಯೋ ಉಂಗುರದಂಥ ಕಲೆಯೋ ಬಂದಿದೆಯಾ ನೋಡಿ. ಕಜ್ಜಿ, ಹುಳುಕಡ್ಡಿ ಎರಡೂ ಮನುಷ್ಯರಿಗೆ ಅಂಟುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ತಡ ಮಾಡಬೇಡಿ.

ಕಂಡದ್ದನ್ನೆಲ್ಲ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಕೆರೆಯುವಾಗಿನ ಒಂದು ವಿಡಿಯೊ ಕೂಡ ಇರಲಿ. ಡಾಕ್ಟರ್ ಟೇಬಲ್ ಮೇಲೆ ಹೆದರಿ ನಿಂತ ನಾಯಿ ಕೆರೆದುಕೊಳ್ಳುವುದೇ ಇಲ್ಲ.

ಚಿಗಟ ಸಿಕ್ಕರೆ ಮನೆಗೂ ಔಷಧಿ

ನಾಯಿಯ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂಖ್ಯೆಯ ಸುಮಾರು 5 ಶೇಕಡ ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ಚಾಪೆ, ಸೋಫಾ ಸಂದಿಯಲ್ಲಿ ಇರುತ್ತದೆ. ಗೂಡಿನೊಳಗೆ ಅವು ತಿಂಗಳುಗಟ್ಟಲೆ ಕಾಯಬಲ್ಲವು. ಅದಕ್ಕೇ ಒಂದು ಸಲ ಔಷಧಿ ಹಾಕಿ "ಮತ್ತೆ ಬಂತಲ್ಲ" ಅಂತ ಬೇಸರ ಮಾಡಿಕೊಳ್ಳಬೇಡಿ. ಡಾಕ್ಟರ್ ಹೇಳಿದ ಹನಿ ಔಷಧಿಯೋ ಮಾತ್ರೆಯೋ ಕನಿಷ್ಠ 3 ತಿಂಗಳು ತಪ್ಪದೆ ನಡೆಯಲಿ. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೆ ಔಷಧಿ ಆಗಬೇಕು. ಆದರೆ ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿ ಔಷಧಿ ಬೆಕ್ಕಿನ ಜೀವ ತೆಗೆಯಬಹುದು. ಫಿಟ್ಸ್ ಬರುವ ನಾಯಿಯಾದರೆ ಮಾತ್ರೆ ತೆಗೆದುಕೊಳ್ಳುವ ಮೊದಲು ಅದನ್ನು ಡಾಕ್ಟರ್‌ಗೆ ಹೇಳಿ.

ಮೈಗೆ ಕಚ್ಚಿಕೊಂಡ ಉಣ್ಣೆ (ಉಣುಗು) ಇದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆಂಕಿ ಕಡ್ಡಿ, ಸೀಮೆಎಣ್ಣೆ ಬೇಡ. ನಾಯಿ ಉಣ್ಣೆಗಳು ಗೋಡೆಯ ಬಿರುಕಿನಲ್ಲೂ ಮೊಟ್ಟೆ ಇಡುತ್ತವೆ. ಬಾಗಿಲ ಚೌಕಟ್ಟು, ಸ್ವಿಚ್ ಬೋರ್ಡ್ ಅಂಚು ಕೂಡ ನೋಡಿ.

ಸ್ನಾನ: ಹತ್ತು ನಿಮಿಷದ ಗುಟ್ಟು

ನಮ್ಮ ಚರ್ಮ ಸ್ವಲ್ಪ ಆಮ್ಲೀಯ. ನಾಯಿಯದು ಹಾಗಲ್ಲ, ಅದರ ಪಿಎಚ್ (ಆಮ್ಲೀಯತೆಯ ಅಳತೆ) 7ರ ಆಸುಪಾಸು. ನಮ್ಮ ಶಾಂಪೂ ಅವುಗಳಿಗೆ ಒಗ್ಗುವುದಿಲ್ಲ, ಡೆಟಾಲ್ ಅಂತೂ ಬೇಡವೇ ಬೇಡ. ಯೀಸ್ಟ್, ಬ್ಯಾಕ್ಟೀರಿಯಾ ಇದ್ದರೆ ಡಾಕ್ಟರ್ ಕ್ಲೋರ್‌ಹೆಕ್ಸಿಡಿನ್, ಮೈಕೊನಜೋಲ್ ಅಥವಾ ಕೀಟೊಕೊನಜೋಲ್ ಇರುವ ನಾಯಿ ಶಾಂಪೂ ಬರೆದುಕೊಡುತ್ತಾರೆ. ಒಳ್ಳೆಯ ಶಾಂಪೂ ತಂದೂ ಗುಣ ಕಾಣದಿರಲು ಎಷ್ಟೋ ಸಲ ಒಂದು ಕಾರಣ ಇರುತ್ತದೆ, ಹಚ್ಚಿದ ತಕ್ಷಣ ತೊಳೆದುಬಿಡುವುದು.

ನಾನು ಮಾಡುವ ರೀತಿ ಹೇಳುತ್ತೇನೆ. ಮೊದಲು ಒಣ ಮೈಯನ್ನೇ ಚೆನ್ನಾಗಿ ಬಾಚುತ್ತೇನೆ. ಸಡಿಲ ಕೂದಲು, ಹೊಟ್ಟು ಆಗಲೇ ಅರ್ಧ ಹೋಗುತ್ತದೆ. ಬಾತ್‌ರೂಮ್ ನೆಲಕ್ಕೆ ಹಳೆಯ ಟವೆಲ್ ಹಾಸುತ್ತೇನೆ, ಕಾಲು ಜಾರದಿದ್ದರೆ ಅವನು ಗಾಬರಿ ಬೀಳುವುದಿಲ್ಲ. ನೀರು ಉಗುರು ಬೆಚ್ಚಗೆ. ಬಿಸಿ ನೀರು ತುರಿಕೆಯನ್ನು ಕೆರಳಿಸುತ್ತದೆ. ಕೂದಲು ಬುಡದವರೆಗೆ ನೆನೆದ ಮೇಲೆ, ಶಾಂಪೂವನ್ನು ಮಗ್ ನೀರಲ್ಲಿ ಕದಡಿ, ಮೊದಲು ಕಂಕುಳು, ಹೊಟ್ಟೆ, ಬೆರಳಸಂದಿಗೆ ಹಚ್ಚುತ್ತೇನೆ, ಆಮೇಲೆ ಬೆನ್ನಿಗೆ. ಉಗುರಲ್ಲಿ ಉಜ್ಜುವುದಿಲ್ಲ. ಬೆರಳ ತುದಿಯಿಂದ ಕೂದಲ ದಿಕ್ಕಿನಲ್ಲೇ ಸವರುತ್ತೇನೆ.

ಈಗ ಗಡಿಯಾರ ನೋಡಿ 10 ನಿಮಿಷ. ಹತ್ತು ಅಂದರೆ ಹತ್ತು. ಕೆಂಚ ಮೊದಮೊದಲು ಮೂರನೇ ನಿಮಿಷಕ್ಕೇ ಮೈ ಕೊಡವಿ ಬಾಗಿಲಿಗೆ ಓಡುತ್ತಿದ್ದ. ಗೋಡೆಗೆ ಒಂದು ಚಮಚ ಉಪ್ಪಿಲ್ಲದ ಶೇಂಗಾ ಬೆಣ್ಣೆ ಸವರಿಟ್ಟೆ. ಅದನ್ನು ನೆಕ್ಕುತ್ತಾ ನಿಲ್ಲುತ್ತಾನೆ. ಶೇಂಗಾ ಬೆಣ್ಣೆಯ ಡಬ್ಬಿಯಲ್ಲಿ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಅಂತ ಬರೆದಿದ್ದರೆ ಅದು ನಾಯಿಗೆ ವಿಷ, ಆ ಡಬ್ಬಿ ಬೇಡ. ಹತ್ತು ನಿಮಿಷ ಆದ ಮೇಲೆ ನೊರೆ ಪೂರ್ತಿ ಹೋಗುವ ತನಕ ತೊಳೆಯಿರಿ. ಟ್ಯಾಂಕರ್ ನೀರು, ಬೋರ್ ನೀರು ಇರುವ ಬಿಲ್ಡಿಂಗ್‌ಗಳಲ್ಲಿ ಶಾಂಪೂ ಬೇಗ ಬಿಡುವುದಿಲ್ಲ, ಇನ್ನೂ ಎರಡು ಬಕೆಟ್ ಬೇಕಾಗುತ್ತದೆ. ಮೈಯಲ್ಲಿ ಉಳಿದ ಶಾಂಪೂವೇ ಮತ್ತೆ ತುರಿಸುತ್ತದೆ.

ಒರೆಸುವಾಗ ತಿಕ್ಕಬೇಡಿ, ಟವೆಲ್ ಒತ್ತಿ ನೀರು ಹೀರಿಸಿ. ಒಂದೊಂದೇ ಬೆರಳು ಬಿಡಿಸಿ ಸಂದು ಒಣಗಿಸಿ. ಫ್ಯಾನ್ ಕೆಳಗೆ ಮಲಗಲಿ.

ಔಷಧಿ ಶಾಂಪೂ ಸಾಮಾನ್ಯವಾಗಿ ಮೊದಲು ವಾರಕ್ಕೆ ಎರಡು ಸಲ, ಗುಣವಾದ ಹಾಗೆ ಕಡಿಮೆ. ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಲಿ. ಚರ್ಮ ಚೆನ್ನಾಗಿರುವ ನಾಯಿಗೆ ತಿಂಗಳಿಗೊಂದು ಸ್ನಾನ ಸಾಕು.

ತಟ್ಟೆಯಲ್ಲಿ ಏನಿದೆ?

ಇದನ್ನು ನಮ್ಮವರ ಮನೆಗಳಿಗಾಗಿಯೇ ಬರೆಯುತ್ತಿದ್ದೇನೆ. ಮೊಸರನ್ನ, ಹಾಲು ಚಪಾತಿ ಪ್ರೀತಿಯಿಂದಲೇ ಹಾಕುತ್ತೇವೆ. ಆದರೆ ಅದಷ್ಟೇ ತಿಂದು ಬೆಳೆದ ನಾಯಿಗೆ ಪ್ರೊಟೀನ್, ಕೊಬ್ಬಿನಂಶ, ಸತು ಕಡಿಮೆ ಬೀಳುತ್ತವೆ. ಕೂದಲು ಮಂಕಾಗುತ್ತದೆ, ಚರ್ಮ ಒಣಗಿ ಹೊಟ್ಟು ಏಳುತ್ತದೆ. ಮನೆ ಊಟವೇ ಹಾಕುವುದಾದರೆ ಡಾಕ್ಟರ್ ಹತ್ತಿರ ಒಂದು ಪಟ್ಟಿ ಬರೆಸಿಕೊಳ್ಳಿ. ಸಸ್ಯಾಹಾರಿ ಮನೆಯವರಿಗೆ ನಾಯಿಗಾಗಿಯೇ ತಯಾರಾದ ಸಂಪೂರ್ಣ ಆಹಾರ ಸುಲಭದ ದಾರಿ.

ಚರ್ಮಕ್ಕೆ ನಿಜವಾಗಿ ಕೆಲಸಕ್ಕೆ ಬರುವುದು ಮೀನಿನ ಕೊಬ್ಬಿನಲ್ಲಿರುವ ಒಮೆಗಾ 3. ಅಗಸೆ ಬೀಜದಿಂದ ನಾಯಿಯ ದೇಹ ಅದನ್ನು ತುಂಬಾ ಕಡಿಮೆ ಮಾಡಿಕೊಳ್ಳುತ್ತದೆ. ನಮ್ಮ ಮೇಲಿನ ಮಹಡಿಯ ಉಡುಪಿ ಕಡೆಯ ಅಕ್ಕ ಮಾರ್ಕೆಟ್‌ಗೆ ಹೋದಾಗ ಕೆಂಚನಿಗೂ ನಾಲ್ಕು ಬೂತಾಯಿ ಮೀನು ತರುತ್ತಾರೆ. ಇಲ್ಲಿ ಅದನ್ನೇ ತಾರ್ಲಿ ಅನ್ನುತ್ತಾರೆ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ಅನ್ನಕ್ಕೆ ಕಲಸಿ ಕೊಡುತ್ತೇನೆ. ಮೀನೆಣ್ಣೆಯ ಮಾತ್ರೆ ಕೊಡುವುದಾದರೆ ನಾಯಿಯ ತೂಕ ಹೇಳಿ ಪ್ರಮಾಣ ಕೇಳಿ. ಕಾಡ್ ಎಂಬ ಮೀನಿನ ಲಿವರ್‌ನಿಂದ ತೆಗೆದ ಕಾಡ್ ಲಿವರ್ ಎಣ್ಣೆ ಬೇರೆ. ಅದರಲ್ಲಿ ಎ ಮತ್ತು ಡಿ ವಿಟಮಿನ್ ಇರುತ್ತವೆ, ಜಾಸ್ತಿಯಾದರೆ ಅಪಾಯ. ಪರಿಣಾಮ ಕಾಣಲು 6ರಿಂದ 8 ವಾರ ಬೇಕು.

ವರ್ಷವಿಡೀ ತುರಿಕೆ ಇದ್ದರೆ ಆಹಾರದ ಅಲರ್ಜಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಹಿಂದೆ ತಿನ್ನದ ಒಂದು ಪ್ರೊಟೀನ್ ಇರುವ ಊಟವನ್ನೇ 8 ವಾರ ಕೊಟ್ಟು ನೋಡುವುದು. ಈ 8 ವಾರದಲ್ಲಿ ಒಂದು ಬಿಸ್ಕತ್ತು ಕೊಟ್ಟರೂ ಲೆಕ್ಕ ಕೆಡುತ್ತದೆ. ಅಜ್ಜಿ, ಮಕ್ಕಳು, ವಾಚ್‌ಮನ್, ಎಲ್ಲರಿಗೂ ಹೇಳಿಡಿ.

ಹಚ್ಚಬಾರದ್ದು

ಟೀ ಟ್ರೀ ಎಣ್ಣೆ ನಾಯಿಗೆ ವಿಷ. ನಾವು ಹುಳುಕಡ್ಡಿಗೆ ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮು ಬೇಡ, ನಾಯಿ ನೆಕ್ಕುತ್ತದೆ, ಫಂಗಸ್ ಇನ್ನೂ ಹಬ್ಬುತ್ತದೆ. ಸೋರಿಯಾಸಿಸ್‌ಗೆ ಬಳಸುವ ಕ್ಯಾಲ್ಸಿಪೊಟ್ರಿಯಾಲ್ ಕ್ರೀಮ್ ಮನೆಯಲ್ಲಿದ್ದರೆ ಬೀರುವಿನಲ್ಲಿಡಿ. ಸ್ವಲ್ಪ ತಿಂದರೂ ನಾಯಿ ಸಾಯಬಹುದು. ಐವರ್‌ಮೆಕ್ಟಿನ್ ಸೂಜಿಯನ್ನು ಯಾರದೋ ಮಾತು ಕೇಳಿ ಹಾಕಿಸಬೇಡಿ, ಕುರಿ ಕಾಯುವ ಕಾಲಿ (Collie) ನಾಯಿಯಂಥ ತಳಿಗಳಿಗೆ ಅದು ಮಾರಕವಾಗಬಹುದು. ಅವ್ವನ ಕೊಬ್ಬರಿ ಎಣ್ಣೆ ಬಿರುಕು ಬಿಟ್ಟ ಒಣ ಪಾದಕ್ಕೆ ಒಂದು ಹನಿ ಆದೀತು. ಆಗಲೇ ಜಿಡ್ಡಾಗಿ ವಾಸನೆ ಬರುವ ಮೈಗೆ ಬೇಡ. ಫಿನಾಯಿಲ್ ಹಾಕಿ ಒರೆಸಿದ ನೆಲ ಪೂರ್ತಿ ಒಣಗುವ ತನಕ ನಾಯಿಯನ್ನು ಅಲ್ಲಿ ಮಲಗಲು ಬಿಡಬೇಡಿ.

ಡಾಕ್ಟರ್ ಹತ್ತಿರ ಯಾವಾಗ?

ಒದ್ದೆಯಾಗಿ ಹಸಿ ಗಾಯವಾಗಿದ್ದರೆ, ಕೀವುಗುಳ್ಳೆ ಎದ್ದಿದ್ದರೆ, ಕೂದಲು ಮಚ್ಚೆಮಚ್ಚೆಯಾಗಿ ಉದುರಿದರೆ, ಕಿವಿ ವಾಸನೆ ಬಂದು ತಲೆ ವಾಲಿಸುತ್ತಿದ್ದರೆ, ಮರಿಯಾಗಿದ್ದರೆ ಕಾಯಬೇಡಿ. ಮುಖ ಊದಿದರೆ ಅದೇ ಗಳಿಗೆಯಲ್ಲಿ ಹೊರಡಿ. ನಡುವಯಸ್ಸಿನ ನಾಯಿ ದಪ್ಪಗಾಗಿ, ಮಂಕಾಗಿ, ತುರಿಕೆ ಇಲ್ಲದೆಯೂ ಹೊಟ್ಟು ಸುರಿಸುತ್ತಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಕೇಳಿ.

ಚರ್ಮವನ್ನು ಸ್ವಲ್ಪ ಕೆರೆದು ಅಥವಾ ಟೇಪ್ ಅಂಟಿಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಸಣ್ಣ ಪರೀಕ್ಷೆ. ಅದನ್ನು ಮಾಡದೆ ನೇರವಾಗಿ ಸೂಜಿ ಹಾಕಲು ಹೊರಟರೆ "ಡಾಕ್ಟರೇ, ಒಂದು ಸಲ ಸ್ಯಾಂಪಲ್ ನೋಡ್ತೀರಾ?" ಎಂದು ಕೇಳಲು ಸಂಕೋಚ ಬೇಡ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಬರೆದರೆ ನೀರಡಿಕೆ, ಉಚ್ಚೆ ಜಾಸ್ತಿಯಾಗುತ್ತದೆ, ಹೆದರಬೇಡಿ. ನಮ್ಮಷ್ಟಕ್ಕೇ ತಟ್ಟನೆ ನಿಲ್ಲಿಸುವುದು ಮಾತ್ರ ತಪ್ಪು. ಹತ್ತಿರದ ಕ್ಲಿನಿಕ್‌ನಲ್ಲಿ ಪರೀಕ್ಷೆಯ ವ್ಯವಸ್ಥೆ ಇಲ್ಲದಿದ್ದರೆ ಮುಂಬೈಯ ಪರೇಲ್‌ನಲ್ಲಿ ಹಳೆಯ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಆಸ್ಪತ್ರೆಯೂ ಶುರುವಾಗಿದೆ.

ಕೆಂಚನಿಗೆ ಶಾಂಪೂ ಶುರು ಮಾಡಿ ವಾರದಲ್ಲಿ ವಾಸನೆ ಹೋಯಿತು. ಹೊಟ್ಟು ಹೋಗಲು ನಾಲ್ಕನೇ ವಾರ ಬೇಕಾಯಿತು. ನಡುವೆ ಒಮ್ಮೆ, ಚೆನ್ನಾಗಿದ್ದಾನಲ್ಲ ಅಂತ ನಿಲ್ಲಿಸಲು ಹೊರಟಿದ್ದೆ, ಡಾಕ್ಟರ್ ಬಿಡಲಿಲ್ಲ. ಈಗ ಬಾಗಿಲ ಹಿಂದೆ ಹಳೆಯ ಲುಂಗಿಯ ನಾಲ್ಕು ತುಂಡು ನೇತುಹಾಕಿದ್ದೇನೆ. ಮಳೆಯಲ್ಲಿ ತಿರುಗಾಡಿ ಬಂದರೆ ಕಾಲಿಗೊಂದು ತುಂಡು, ಬೆರಳಸಂದು ಒಣಗಿದ ಮೇಲೆಯೇ ಒಳಗೆ. ಭಾನುವಾರ ಬೆಳಗ್ಗೆ ಬಾಚಣಿಗೆ, ಕಪ್ಪು ಹಾಳೆ ಹಿಡಿದು ಕೂತರೆ ಅವನೇ ಬಂದು ಕಿಟಕಿ ಪಕ್ಕ ಬೆನ್ನು ಕೊಟ್ಟು ಕೂರುತ್ತಾನೆ.