ಮರಿ ಹೋಮರ್‌ಗಳ ವಾಂತಿ-ಭೇದಿ: ಮೊದಲು ಕಾಳು ನಿಲ್ಲಿಸಿ, ಆಮೇಲೆ ಔಷಧಿ

ಹೋಮರ್ ಅಂದರೆ ರೇಸ್ ಪಾರಿವಾಳ. ಅದರ ಮರಿಗಳಿಗೆ ವಾಂತಿ-ಭೇದಿ ಕಾಣಿಸಿದ ದಿನ ಔಷಧಿ ಹಾಕಬೇಡಿ, ಕಾಳು ನಿಲ್ಲಿಸಿ ಅಂತ ನಾನು ಹೇಳಿದಾಗ ನಮ್ಮ ಕಡೆಯ ಹಳಬರು ಯಾರೂ ಒಪ್ಪಲಿಲ್ಲ. "ಮೊದಲೇ ಸೋತಿರೋ ಮರಿ, ಉಪವಾಸ ಕೆಡವಿದರೆ ಉಳಿಯುತ್ತಾ?" ಅಂದರು. ಕಳೆದ ಸೀಸನ್‌ನಲ್ಲಿ ನನ್ನ ಮೂವತ್ತು ಚಿಲ್ಲರೆ ಮರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಲಗಿದವು. ಸತ್ತಿದ್ದು ಎರಡೋ ಮೂರೋ. ಅದೇ ವಾರ, ಅದೇ ಬಾಸ್ಕೆಟ್‌ನಲ್ಲಿ ಟಾಸ್‌ಗೆ (ದೂರ ಒಯ್ದು ಬಿಟ್ಟು ಮನೆಗೆ ಹಾರಿಬರಿಸೋ ತಾಲೀಮು) ಹೋಗಿದ್ದ ಬೇರೆ ಲಾಫ್ಟ್‌ಗಳಲ್ಲಿ (ಪಾರಿವಾಳದ ಗೂಡುಮನೆ) ಹತ್ತು ಹನ್ನೆರಡು ಹೋದವು. ಈಗ ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಕಾಯಿಲೆ ಅಂತ ನಿಮಗೆ ಗೊತ್ತೇ ಇದೆ. ಮರಿ ಎರಡರಿಂದ ನಾಲ್ಕು ತಿಂಗಳಿದ್ದಾಗ, ಬೇರೆಯವರ ಹಕ್ಕಿಗಳ ಜೊತೆ ಮೊದಲ ಟಾಸ್ ಆದ ಕೆಲವೇ ದಿನಕ್ಕೆ ಶುರು. ರಾತ್ರಿ ತಿಂದ ಕಾಳು ಬೆಳಿಗ್ಗೆಯೂ ಕ್ರಾಪ್‌ನಲ್ಲೇ (ಕುತ್ತಿಗೆ ಬುಡದ ಕಾಳಿನ ಚೀಲ) ಇರುತ್ತದೆ. ಗೂಡಿನ ಮೂಲೆಯಲ್ಲಿ ಇಡೀ ಕಾಳಿನ ವಾಂತಿ. ಹಸಿರು ನೀರು ಹಿಕ್ಕೆ, ಹುಳಿ ವಾಸನೆ. ಕಾಳು ಮುಟ್ಟಲ್ಲ, ನೀರು ಮಾತ್ರ ಕುಡಿಯುತ್ತಲೇ ಇರುತ್ತದೆ.

ಹಿಂದೆ ನಾವೆಲ್ಲ ಮಾಡುತ್ತಿದ್ದದ್ದು ಒಂದೇ. ಕ್ಯಾಂಕರ್‌ಗೊಂದು (ಗಂಟಲಿನ ಪರಾವಲಂಬಿ ರೋಗ), ಕಾಕ್ಸಿಗೊಂದು (ಕರುಳಿನ ಪರಾವಲಂಬಿ ರೋಗ), ಬ್ಯಾಕ್ಟೀರಿಯಾಕ್ಕೊಂದು, ಮೂರೂ ಪುಡಿ ನೀರಿಗೆ. ಹೊರದೇಶದ 'ಆಲ್ ಇನ್ ಒನ್' ಪ್ಯಾಕೆಟ್ ಒಂದಕ್ಕೆ ಎರಡೂವರೆ ಮೂರು ಸಾವಿರ ಇತ್ತು. ಒಂದು ಸೀಸನ್‌ಗೆ ಪುಡಿಗಳಿಗೇ ಹದಿನೈದು ಸಾವಿರದ ಹತ್ತಿರ ಸುರಿದಿದ್ದೇನೆ. ಮರಿ ಸಾಯೋದು ನಿಲ್ಲಲಿಲ್ಲ. ಉಳಿದವು ಕೂಡ ಸೀಸನ್ ಪೂರ್ತಿ ಮಂಕಾಗಿದ್ದವು, ಗರಿ ಬದಲಾವಣೆ ಅರ್ಧಕ್ಕೇ ನಿಂತಿತು. ಒಳ್ಳೆಯ ಬ್ಲಡ್‌ಲೈನ್‌ನ ಜೋಡಿಯ ಮರಿಗಳು ಹಾಗೆ ಹೋದಾಗ ಎಷ್ಟು ಸಂಕಟ ಆಗುತ್ತದೆ ಅಂತ ಸಾಕಿದವರಿಗೆ ಹೇಳಬೇಕಾಗಿಲ್ಲ.

ದಾರಿ ತೋರಿಸಿದ್ದು ಪೋಸ್ಟ್‌ಮಾರ್ಟಂ. ಬೆಳಿಗ್ಗೆ ಸತ್ತ ಮರಿಯನ್ನು ಫ್ರೀಜರ್‌ಗೆ ಹಾಕದೆ ಐಸ್ ಡಬ್ಬಿಯಲ್ಲಿಟ್ಟು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ತೆಗೆದುಕೊಂಡು ಹೋದೆ. ಗಂಟಲಲ್ಲಿ ಕ್ಯಾಂಕರ್ ಇರಲೇ ಇಲ್ಲ. ಕ್ರಾಪ್ ತುಂಬಾ ಕೊಳೆತ ಕಾಳು, ಕರುಳು ಕೆಂಪು, ಲಿವರ್ ಊದಿತ್ತು. ಮೊದಲು ವೈರಸ್ ಬರುತ್ತದೆ, ಕರುಳು ಸೋತ ಮೇಲೆ ಈ-ಕೋಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ ಅಂತ ಅಲ್ಲಿನ ಡಾಕ್ಟರ್ ಬಿಡಿಸಿ ಹೇಳಿದರು. ಹಿಂದೆ ಎಲ್ಲರೂ ಅಡಿನೋ ವೈರಸ್ ಅಂತಲೇ ಹೇಳುತ್ತಿದ್ದರು. 2016ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಲಾಫ್ಟ್‌ಗಳಲ್ಲಿ ಪಾರಿವಾಳ ಸಾಲಾಗಿ ಸತ್ತಾಗ ರೋಟಾ ವೈರಸ್ ಸಿಕ್ಕಿತು. ಆಮೇಲೆ ಯುರೋಪಿನಲ್ಲೂ ಕಂಡಿತು. ಯಾವುದಾದರೂ ಸರಿ, ವೈರಸ್‌ಗೆ ನಮ್ಮ ಪುಡಿಗಳು ಏನೂ ಮಾಡಲ್ಲ. ಕೊಳೆಯುತ್ತಿರೋ ಕ್ರಾಪ್ ಮೇಲೆ ಇನ್ನಷ್ಟು ಕಾಳು, ಅದರ ಮೇಲೆ ಔಷಧಿ, ಅದೂ ವಾಂತಿಯಲ್ಲಿ ಹೊರಗೆ. ಮೈಗೆ ಸೇರಿದ್ದಾದರೂ ಎಷ್ಟು?

ಈಗ ನಾನು ಮಾಡೋದು ಹೀಗೆ. ಮೊದಲ ವಾಂತಿ ಕಂಡ ಕೂಡಲೇ ಮರಿ ಲಾಫ್ಟ್‌ಗೇ ಕಾಳು ಬಂದ್, ಸುಮಾರು ಒಂದು ದಿನ. ಗಟ್ಟಿಯಾಗಿರೋ ಮರಿಗೂ ಇಲ್ಲ. ಕಾಯಿಲೆ ಮರಿಗಳು ಬೇರೆ ಪೆಟ್ಟಿಗೆಗೆ, ಕೆಳಗೆ ತಂತಿ ಬಲೆ, ಪಕ್ಕದಲ್ಲಿ ಒಂದು ಬಲ್ಬ್. ಬೆಚ್ಚಗಿಡೋದು ಅರ್ಧ ಚಿಕಿತ್ಸೆ. ಉಗುರುಬೆಚ್ಚಗಿನ ಓಆರ್‌ಎಸ್ ನೀರು, ದಿನಕ್ಕೆ ನಾಲ್ಕೈದು ಸಲ ಹೊಸದು. ತಾನೇ ಕುಡಿಯದ ಮರಿಗೆ ಟ್ಯೂಬ್‌ನಲ್ಲಿ ಸ್ವಲ್ಪ ಸ್ವಲ್ಪ. ಕ್ರಾಪ್ ಗಟ್ಟಿಯಾಗಿದ್ದರೆ ಮೊದಲು ಅದನ್ನು ಖಾಲಿ ಮಾಡಬೇಕು. ಅದನ್ನು ಓದಿ ಮಾಡಬೇಡಿ, ಕೈ ಪಳಗಿದವರ ಹತ್ತಿರ ನೋಡಿ ಕಲಿಯಿರಿ. ಎರಡನೇ ದಿನ ಬಾರ್ಲಿ ಮಾತ್ರ, ಅದೂ ಒಂದು ಮರಿಗೆ ಒಂದು ಚಮಚದಷ್ಟು. ಬಟಾಣಿ, ಅಲಸಂದೆ, ಕುಸುಬೆ ಹತ್ತಿರಕ್ಕೂ ಬರಬಾರದು. ಜೋಳ ಮೂರು ನಾಲ್ಕು ದಿನ ಆದ ಮೇಲೆ. ಎರಡನೇ ದಿನದ ನೀರಿಗೆ ಇನ್ನೊಂದನ್ನು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆ್ಯಂಟಿಬಯೋಟಿಕ್ ಬೇಡವೇ ಬೇಡ ಅನ್ನೋದಿಲ್ಲ. ಎರಡು ದಿನ ಆದರೂ ತಲೆ ಎತ್ತದ ಮರಿಗೆ, ಡಾಕ್ಟರ್‌ಗೆ ತೂಕ ಹೇಳಿ ಬರೆಸಿಕೊಂಡು, ನೇರ ಬಾಯಿಗೆ. ಕಳೆದ ಸಲ ನಾಲ್ಕೈದಕ್ಕೆ ಮಾತ್ರ ಬೇಕಾಯಿತು. ಎನ್ರೋಫ್ಲಾಕ್ಸಸಿನ್ ಬೆಳೆಯೋ ಮರಿಯ ಕೀಲಿಗೆ ಒಳ್ಳೆಯದಲ್ಲ, ಸುಮ್ನೆ ವಾರಗಟ್ಟಲೆ ಹಾಕಬೇಡಿ. ಡಾಕ್ಸಿಸೈಕ್ಲಿನ್ ಕೊಡುವಾಗ ಗ್ರಿಟ್ (ಹಕ್ಕಿ ತಿನ್ನೋ ಚಿಪ್ಪು-ಕಲ್ಲಿನ ಪುಡಿ) ತೆಗೆದಿಡಿ. ಅದರ ಕ್ಯಾಲ್ಸಿಯಂ ಔಷಧಿಯನ್ನೇ ಹಿಡಿದುಬಿಡುತ್ತದೆ.

ಕಾಯಿಲೆಯನ್ನು ಬೇಗ ಹಿಡಿಯೋದಕ್ಕೆ ನನ್ನ ಆಯುಧ ಅಡುಗೆಮನೆಯ ತಕ್ಕಡಿ. ಐನೂರು ರೂಪಾಯಿ ಚಿಲ್ಲರೆ. ಮೇಲೊಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಮರಿ. ವಾರಕ್ಕೆರಡು ಸಲ ಕಾಲಿನ ರಿಂಗ್ ನಂಬರ್ ಎದುರು ತೂಕ ಬರೆಯುತ್ತೇನೆ. ನನ್ನ ಮರಿಗಳು ನಾನೂರು ಗ್ರಾಂ ಆಸುಪಾಸು. ಹೊರಗೆ ಏನೂ ಕಾಣದಿದ್ದರೂ ಮೂವತ್ತು ಗ್ರಾಂ ಇಳಿದರೆ ಆ ಮರಿಯ ಮೇಲೆ ಕಣ್ಣಿಡುತ್ತೇನೆ. ರಾತ್ರಿ ಕೂರೋ ಜಾಗದ ಕೆಳಗೆ ಹಾಳೆ ಹಾಸಿ ಬೆಳಿಗ್ಗೆ ಹಿಕ್ಕೆ ನೋಡುತ್ತೇನೆ. ಗಟ್ಟಿ ಉಂಡೆ, ಮೇಲೆ ಬಿಳಿ ಟೋಪಿ, ಪಕ್ಕದಲ್ಲಿ ಒಂದು ಪುಕ್ಕ ಇದ್ದರೆ ನಿಶ್ಚಿಂತೆ.

ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ ಆರೇಳು ಸಾವಿರಕ್ಕೆ ತಂದಾಗ ಎಲ್ಲರೂ ನಕ್ಕಿದ್ದರು. ಎರಡು ಮೂರು ಪ್ಯಾಕೆಟ್ ಪುಡಿಯ ದುಡ್ಡು ಅಷ್ಟೇ ಅಲ್ವಾ? ಗಂಟಲಿನ ಸ್ವಾಬ್ ಅನ್ನು ಬೆಚ್ಚಗಿನ ಸಲೈನ್ ಹನಿಯಲ್ಲಿ ಹಾಕಿ ತಕ್ಷಣ ನೋಡಿದರೆ ಕ್ಯಾಂಕರ್ ಜೀವಿ ಒದ್ದಾಡೋದು ಕಾಣುತ್ತದೆ. ತಣ್ಣಗಾದರೆ ಅಲ್ಲಾಡಲ್ಲ, ಆಗ ಗುರುತಿಸೋದು ಕಷ್ಟ. ಹಿಕ್ಕೆಯಲ್ಲಿ ಕಾಕ್ಸಿಯ ಮೊಟ್ಟೆ ಒಂದೆರಡು ಕಂಡರೆ ನಾನು ಸುಮ್ಮನಿರುತ್ತೇನೆ, ತುಂಬಿಕೊಂಡಿದ್ದರೆ ಮಾತ್ರ ಆಂಪ್ರೋಲಿಯಂ. ಹೀಗೆ ನೋಡಿ ಕೊಡೋಕೆ ಶುರು ಮಾಡಿದ ಮೇಲೆ ಔಷಧಿ ಖರ್ಚು ವರ್ಷಕ್ಕೆ ಮೂರು ಸಾವಿರ ದಾಟಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ತೆಳ್ಳಗಿನ ರಾಗಿ ಅಂಬಲಿ ಟ್ಯೂಬ್‌ನಲ್ಲಿ ಕೊಟ್ಟು ನೋಡಿದೆ. ನಿಂತುಹೋದ ಕ್ರಾಪ್‌ನಲ್ಲಿ ಅದು ಇನ್ನೂ ಬೇಗ ಹುಳಿಯಾಯಿತು. ಆದರೆ ಚೇತರಿಸಿಕೊಳ್ಳೋ ಮರಿಗೆ ಅದೇ ಅಂಬಲಿ ಚೆನ್ನಾಗಿ ಒಗ್ಗಿತು. ಬೆಳ್ಳುಳ್ಳಿ ನೀರಿನಿಂದ ವ್ಯತ್ಯಾಸ ಕಾಣಲಿಲ್ಲ, ಮರಿಗಳು ನೀರು ಕುಡಿಯೋದೇ ಕಡಿಮೆ ಮಾಡಿದವು. ಲೀಟರಿಗೆ ಒಂದು ಚಮಚ ಆ್ಯಪಲ್ ಸೈಡರ್ ವಿನಿಗರ್ ವಾರಕ್ಕೆರಡು ದಿನ ಈಗಲೂ ಕೊಡುತ್ತೇನೆ. ತಗಡಿನ ಪಾತ್ರೆಯಲ್ಲಿ ಬೇಡ, ಪ್ಲಾಸ್ಟಿಕ್‌ನಲ್ಲೇ ಇಡಿ.

ಹಸಿರು ಹಿಕ್ಕೆ ಕಂಡ ಕೂಡಲೇ ಇದೇ ಕಾಯಿಲೆ ಅಂತ ಹೊರಟುಬಿಡಬೇಡಿ. ನೀರು ಹಿಕ್ಕೆ ಜೊತೆ ಕತ್ತು ತಿರುಚಿದರೆ, ಕಾಳು ಕುಕ್ಕುವಾಗ ಗುರಿ ತಪ್ಪಿದರೆ ಅದು ಪಿಎಂವಿ (ನರಕ್ಕೆ ಬಡಿಯೋ ವೈರಸ್ ಕಾಯಿಲೆ) ಇರಬಹುದು. ಅದಕ್ಕೆ ಲಸಿಕೆ ಮೊದಲೇ ಆಗಿರಬೇಕು. ರೆಕ್ಕೆಯ ಕೀಲು ಊದಿ ಒಂದು ರೆಕ್ಕೆ ಇಳಿಬಿಟ್ಟರೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅನುಮಾನ. ಅದಕ್ಕೆ ಉಪವಾಸ ಸಾಲಲ್ಲ, ಟೆಸ್ಟ್ ಮಾಡಿಸಿ. ಮಳೆಗಾಲದಲ್ಲಿ ಕೊಕ್ಕು, ಕಣ್ಣಿನ ಸುತ್ತ ಗುಳ್ಳೆ ಎದ್ದರೆ ಪಾಕ್ಸ್, ಸೊಳ್ಳೆಯಿಂದ ಹರಡೋ ಸಿಡುಬು. ಸೊಳ್ಳೆ ಬಲೆ ಹಾಕಿ.

ವಾಸಿಯಾದ ಮರಿಯನ್ನು ಯಾವಾಗ ಬಿಡಬೇಕು ಅನ್ನೋದರಲ್ಲೇ ಎಲ್ಲರೂ ಆತುರ ಪಡುತ್ತಾರೆ. ವಾಂತಿ ನಿಂತ ವಾರಕ್ಕೇ ಬಾಸ್ಕೆಟ್‌ಗೆ ಹಾಕಿ ಮರಿ ಕಳೆದುಕೊಂಡವರು ನಮ್ಮಲ್ಲಿ ಬಹಳ. ಹಳೆಯ ತೂಕ ವಾಪಸ್ ಬಂದ ಮೇಲೂ ನಾನು ಒಂದು ವಾರ ಲಾಫ್ಟ್ ಮೇಲೆ ಮಾತ್ರ ಹಾರಿಸುತ್ತೇನೆ. ಆಮೇಲೆ ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ, ಹೀಗೆ ಒಂದೊಂದಾಗಿ ಟಾಸ್‌ನ ದೂರ ಹೆಚ್ಚಿಸುತ್ತೇನೆ. ಕಳೆದ ಸಲ ತುಂಬಾ ಕೆಟ್ಟದಾಗಿ ಮಲಗಿದ್ದ ನೀಲಿ ಹೆಣ್ಣು ಮರಿಯೊಂದು ಹೀಗೇ ಮೇಲೆದ್ದು, ಅನಂತಪುರದ ಟಾಸ್‌ನಲ್ಲಿ ಕಾಯಿಲೆಯೇ ಬೀಳದ ಮರಿಗಳಿಗಿಂತ ಮೊದಲು ಟ್ರ್ಯಾಪ್ ಆಯಿತು, ಅಂದರೆ ವಾಪಸ್ ಬಂದು ಲಾಫ್ಟ್ ಒಳಗೆ ಸೇರಿತು. ಈ ವರ್ಷ ಅದನ್ನು ಬ್ರೀಡಿಂಗ್‌ಗೆ ಇಟ್ಟಿದ್ದೇನೆ. ಮರಿ ಕೇಳಿದ್ದಾರೆ, ಸದ್ಯಕ್ಕೆ ಕೊಡಲ್ಲ.